ಮೂರು ಬೆರಳು ಸಡಿಲ

ಮೆರ್ಕಾಟೊದ ತಗಡಿನ ಸಾಲಿನಲ್ಲಿ ನನ್ನ ಅಂಗಡಿ.
ಬಾಗಿಲಿಗಿಂತ ಲಾಡಾ ಅಗಲ,
ಹಾಗಾಗಿ ಕೆಲಸವೆಲ್ಲ ಬೀದಿಯಲ್ಲೇ.

ವುಬೆತ್ ತಂದ ನೀಲಿ ಟ್ಯಾಕ್ಸಿಗೆ ನಲವತ್ತು ದಾಟಿದೆ.
ಡ್ರೈವರ್ ಸೀಟಿನ ರೆಕ್ಸಿನ್ ಬಿರಿದು
ಸ್ಪ್ರಿಂಗಿನ ಮೂತಿ ಹೊರಗೆ.
"ಮೂರು ಸ್ಕರ್ಟು ತಿಂದಿದೆ ಇದು," ಅಂದಳು.

ಬ್ಲೇಡಿನ ತುದಿಯಿಂದ ಹೊಲಿಗೆ ಬಿಚ್ಚಿದೆ, ಒಂದೊಂದೇ.
ಒಳಗಿನ ನಾರು ಹುಡಿಯಾಗಿ ಉದುರಿತು:
ಪೆಟ್ರೋಲು, ಬೆವರು, ಹುರಿದ ಕಾಫಿಯ ಕಮಟು.
ಹಳೆ ಹೊದಿಕೆಯನ್ನು ಹೊಸ ರೆಕ್ಸಿನ್ ಮೇಲೆ ಹಾಸಿ
ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ಕತ್ತರಿಸಿದೆ, ಹೊಲಿದೆ.
ಮೂವತ್ತು ವರ್ಷ ಪಳಗಿದ ಕೈಗೆ ಅಳತೆಪಟ್ಟಿ ಯಾಕೆ?

ಕೂರಲಿಲ್ಲ.
ಎಡಗಡೆ ಮೂರು ಬೆರಳು ಸಡಿಲ,
ಜೋಲುಮೋರೆ ಹಾಕಿಕೊಂಡ ಸುಕ್ಕು.

ಆಮೇಲೆ ಹೊಳೆಯಿತು. ಅವಳ ಗಂಡ ಅಸ್ರತ್
ಕಿಟಕಿಗೆ ಮೊಣಕೈ ಕೊಟ್ಟು, ಎಡಕ್ಕೆ ವಾಲಿ,
ಬೋಲೆಯಿಂದ ಪಿಯಾಸ್ಸಾಕ್ಕೆ ಜನ ಹೊತ್ತವನು.
ರೆಕ್ಸಿನ್ ಅವನಷ್ಟಕ್ಕೆ ಹಿಗ್ಗಿತ್ತು.
ನಾನು ಅಳೆದದ್ದು ಸೀಟನ್ನಲ್ಲ.

"ಹಾಗೇ ಬಿಡಲಾ?" ಅಂತ ಕೇಳಿದೆ, ದನಿ ತಗ್ಗಿಸಿ,
ಅತ್ತುಬಿಟ್ಟಾಳು ಅಂತ.
ನಕ್ಕಳು.
"ಅವನೀಗ ದಿರೆ ದಾವಾದಲ್ಲಿ
ಇನ್ನೊಬ್ಬಳ ಕಡೆಗೆ ವಾಲಿದ್ದಾನೆ.
ನೇರ ಹೊಲಿ, ಗೆಬ್ರೆಯೆಸ್.
ನನ್ನ ಕಾಲು ಗಿಡ್ಡ, ಕ್ಲಚ್ಚು ಎಟುಕುವುದಿಲ್ಲ.
ಬೆನ್ನಿಗೆ ಎರಡು ಬೆರಳು ದಪ್ಪ ಹಾಕು."

ಫೋಮು ಕತ್ತರಿಸಿ ಅಂಟಿಸಿ, ಎಲ್ಲ ಬಿಚ್ಚಿ ಮತ್ತೆ ಹೊಲಿದೆ.
ಕೂತು ನೋಡಿದಳು, ಎದ್ದಳು, ಮತ್ತೆ ಕೂತಳು.
ಚೌಕಾಸಿಗೆ ಇಳಿದಳು, ಗೆದ್ದಳು.
ಹೊಗೆ ಬಿಟ್ಟುಕೊಂಡು ಗಲ್ಲಿ ತಿರುಗಿತು ಗಾಡಿ.

ಕತ್ತರಿಸಿ ತೆಗೆದ ಆ ಮೂರು ಬೆರಳಿನ ಪಟ್ಟಿಯನ್ನು
ಕತ್ತರಿಯ ಹಿಡಿಗೆ ಸುತ್ತಿಕೊಂಡಿದ್ದೇನೆ.
ಈಗ ಕೈ ಜಾರುವುದಿಲ್ಲ.