ಹತ್ತೊಂಬತ್ತನೆಯ ತಂತಿ

ಅಜ್ಜ ಮೋರಿಬಾ ಕೆನೋ ಮರದ ಬುಡದಲ್ಲಿ ಕೂತು
ಕೋಲಾಬೀಜ ಸೀಳಿ ಎಸೆದಾಗ
ಎರಡೂ ಹೋಳು ಬೋರಲು ಬಿದ್ದವು.
ಮತ್ತೆ ಎಸೆದ. ಬೋರಲು.
ಮೂರನೆಯ ಸಲ ಒಂದು ಹೋಳು ಉರುಳುರುಳಿ
ಇರುವೆಗೂಡಿನ ಬಾಯಿಗೆ ಬಿತ್ತು.
ಅದನ್ನು ಯಾವ ಮುಖವೆಂದು ಓದುವುದು?

ನನಗಾಗ ಏಳು ವರ್ಷ. ಕೊಡಲಿ ಹೊರುವ ಕೆಲಸ ನನ್ನದು.
‘ತಿದಾ, ನೀನೇನೂ ನೋಡಲಿಲ್ಲ’ ಅಂದ.
ನೋಡಲಿಲ್ಲ ಅಂದೆ.

ಅವಸರವಿತ್ತು.
ಊರ ಹುಡುಗರು ಕಾಡಿನ ಗುಡಿಸಲಲ್ಲಿ
ಸುನ್ನತಿಯ ಗಾಯ ಮಾಯಿಸಿಕೊಳ್ಳುತ್ತಿದ್ದರು.
ಇರುಳೆಲ್ಲ ಕಂಕುರಂಗ್ ಮರದ ಕೆಂಪು ನಾರು ತೊಟ್ಟು
ಮಚ್ಚಿಗೆ ಮಚ್ಚು ತಾಕಿಸುತ್ತ ಓಣಿ ಸುತ್ತುತ್ತಿತ್ತು.
ಹೆಂಗಸರು ನಾವು ಅಗುಳಿ ಹಾಕಿ
ಉಸಿರನ್ನೂ ಚಾಪೆಯಡಿ ಬಚ್ಚಿಟ್ಟಿದ್ದೆವು.
ಹುಡುಗರು ಗಂಡಸರಾಗಿ ಮರಳುವ ದಿನಕ್ಕೆ
ಹೊಸ ಕೋರಾ ಬೇಕು; ಹಳೆಯದರ ಬುರುಡೆ ಒಡೆದಿತ್ತು.

ಸೋರೆ ಸಿದ್ಧವಿತ್ತು. ಅಡುಗೆಮನೆಯ ಹುಲ್ಲುಮಾಡಿನ ಮೇಲೆ
ಸಿರಾ ಅತ್ತೆ ಬೆಳೆಸಿದ್ದು.
ಹೀಚಿಗೆ ಬೆರಳು ತೋರಿದರೆ ಕೊಳೆಯುತ್ತದಂತೆ;
ಆ ಮಳೆಗಾಲ ಪೂರ್ತಿ ನಾವು ಮಕ್ಕಳು
ಮುಷ್ಟಿ ಬಿಗಿದೇ ಅಂಗಳದಲ್ಲಿ ಓಡಾಡಿದೆವು.
ಹಸುವಿನ ಚರ್ಮ ನೆನೆಹಾಕಿತ್ತು.
ತಂತಿಗೆ ಮೀನುಗಾರನ ನೈಲಾನ್ ದಾರ,
ದೊಡ್ಡ ಮೀನಿನದು ಮಂದ್ರಕ್ಕೆ, ಸಣ್ಣದರದು ತಾರಕ್ಕೆ.
ಎಲ್ಲ ಇತ್ತು. ಕತ್ತು ಇರಲಿಲ್ಲ.

ಮೊದಲ ಏಟಿಗೇ ಕೆನೋ ಕೆಂಪಗೆ ಸುರಿಯಿತು.
ಅದು ಬರಿಯ ಅಂಟು, ಗೊತ್ತು;
ಒಣಗಿಸಿ ಡಬ್ಬಿಯಲ್ಲಿಟ್ಟರೆ ಭೇದಿಗೆ ಒಳ್ಳೆಯದು.
ಆದರೆ ನ್ಯಾಮಾ ಇದೆಯಲ್ಲ,
ಮರದೊಳಗೆ, ಕಾದ ಕಬ್ಬಿಣದೊಳಗೆ,
ಬಾಯಿಂದ ಜಾರಿದ ಮಾತಿನೊಳಗೆ ಇರುವಂಥದ್ದು,
ಕೇಳದೆ ತೆರೆದರೆ ಬೆನ್ನಿಗೇ ಮನೆಗೆ ಬರುತ್ತದೆ,
ಹೊಸಿಲ ಮೇಲೆ ಕೂರುತ್ತದೆ,
ಕುಡಿಯಲು ನೀರೂ ಕೇಳುವುದಿಲ್ಲ.

ಇಪ್ಪತ್ತೊಂದು ತಂತಿ. ಇಪ್ಪತ್ತು ಹೇಳಿದಲ್ಲಿ ನಿಂತವು.
ಹತ್ತೊಂಬತ್ತನೆಯದು ಮಾತ್ರ
ಬೆಳಿಗ್ಗೆ ಬಿಗಿದರೆ ಬೈಗಿಗೆ ಸಡಿಲ.
ಯಾವುದೋ ಅರಸನ ವಂಶಾವಳಿಯ ನಡುವೆ,
ಮುತ್ತಾತನ ಹೆಸರಿನಿಂದ ತಾತನ ಹೆಸರಿಗೆ ಇಳಿಯುವಾಗ
ಕೂದಲೆಳೆಯಷ್ಟು ಜಾರುತ್ತಿತ್ತು.
ಯಾರಿಗೂ ತಿಳಿಯುತ್ತಿರಲಿಲ್ಲ.
ಅಜ್ಜ ಒಂದು ಗಳಿಗೆ ಕತ್ತು ಓರೆ ಮಾಡಿ
ಬಾಗಿಲಾಚೆ ನಿಂತವರ ಮಾತು ಕೇಳುವ ಹಾಗೆ ಕೇಳುತ್ತಿದ್ದ.
ಚರ್ಮದ ಬಳೆಯನ್ನು ಮೇಲೆ ನೂಕುತ್ತಿರಲಿಲ್ಲ, ಆಮೇಲಾಮೇಲೆ.
‘ಇಪ್ಪತ್ತು ನನ್ನವು’ ಅನ್ನುತ್ತಿದ್ದ,
ಉಳಿದ ಒಂದು ಯಾರದೆಂದು ಕೊನೆಗೂ ಹೇಳಲಿಲ್ಲ.
ನನಗೆ ಹೇಳಬೇಕಿರಲಿಲ್ಲ.

ಅಜ್ಜ ಹೋದ. ಐವತ್ತು ಮಳೆ ಬಂದು ಹೋಯಿತು.
ಅಣ್ಣನ ಮಗ ಬುರಾಮಾ ಕೋರಾವನ್ನು ಕಡಲತೀರಕ್ಕೆ ಒಯ್ದು
ಹೋಟೆಲುಗಳಲ್ಲಿ ನುಡಿಸಿದ, ಬಳೆಗಳನ್ನು ಬಿಚ್ಚಿಸಿದ,
ಗಿಟಾರಿನ ಬಿರಟೆ ಹಾಕಿಸಿದ, ಹೊಳೆಯುವ ಲೋಹದ್ದು.
ಬಕ್ರೀದಿಗೆ ಬಂದವನು ಬೂರುಗದ ಮರದಡಿ ನುಡಿಸಿದಾಗ
ಊರಿಗೆ ಊರೇ ಸೋರೆಯ ಕಿಂಡಿಗೆ ನೋಟು ತುರುಕಿತು.
ನಾನು ಅನ್ನದ ಬೋಗುಣಿ ತೊಳೆಯುತ್ತ ಕಾದೆ.
ಹತ್ತೊಂಬತ್ತನೆಯದು ಬಂತು. ಸರಿಯಾಗಿ ಬಂತು.
ಮತ್ತೆ ಬಂತು, ಮತ್ತೂ ಸರಿಯಾಗಿ,
ಹೊಡೆತ ತಿಂದು ಜಾಣನಾದ ಮಗುವಿನ ಹಾಗೆ.
ಬೋಗುಣಿಯ ನೀರು ಚೆಲ್ಲಿ ಎದ್ದುಬಿಟ್ಟೆ.

ಮರುದಿನ ಕೆನೋ ಇದ್ದಲ್ಲಿಗೆ ಹೋದೆ.
ಬೊಡ್ಡೆಯ ಸುತ್ತ ಚಿಗುರು, ತೊಡೆಯೆತ್ತರ;
ಯಾರದೋ ಆಡು ಬಾಯಿ ತುಂಬ ಎಲೆ ಹಿಡಿದು ನಿಂತಿತ್ತು.
ಓಡಿಸಲಿಲ್ಲ.
ಸೆರಗಿನ ಗಂಟಿನಿಂದ ಕೋಲಾಬೀಜ ತೆಗೆದು ಸೀಳಿದೆ,
ಏನು ಕೇಳಬೇಕೆಂದು ದಾರಿಯುದ್ದಕ್ಕೂ
ಕಟ್ಟಿಕೊಂಡು ಬಂದದ್ದು ಮರೆತೇಹೋಯಿತು.
ಎಸೆಯಲು ಕೈ ಚಾಚುವಷ್ಟರಲ್ಲಿ
ಆಡು ಒಂದು ಹೋಳನ್ನು ಬಾಯಿಗೆಳೆದುಕೊಂಡಿತು.

ಇನ್ನೊಂದು ನನ್ನಲ್ಲೇ ಉಳಿಯಿತು. ಕಹಿ.
ಇಬ್ಬರೂ ಅಗಿಯುತ್ತ ನಿಂತೆವು.