ಮಾನ್ಯರೆ

ವಿಷಯ: ಮನೆಯ ಕಂಪ್ಯೂಟರನ್ನು ಬದಲಿಸುವ, ಅಥವಾ ಬದಲಿಸದಿರುವ ಬಗ್ಗೆ.
ಉಲ್ಲೇಖ: ಪರದೆಯ ಮೂಲೆಯಲ್ಲಿ ದಿನಾ ಏಳುವ ಚೀಟಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ
ರಾಯಚೂರಿನ ಮಡ್ಡಿಪೇಟೆಯಲ್ಲಿ ವಾಸವಾಗಿದ್ದು
ಪರರ ಅರ್ಜಿ ಬರೆದು ಬದುಕುವ ನಾನು
ಮೊದಲ ಸಲ ನನ್ನದೇ ಅರ್ಜಿ ಬರೆಯುತ್ತಿದ್ದೇನೆ.
ಯಾರಿಗೆ ಎಂಬುದು ಇನ್ನೂ ಗೊತ್ತಾಗಿಲ್ಲ.
ಆ ಜಾಗ ಖಾಲಿ ಬಿಟ್ಟಿದೆ.

ಹದಿಮೂರು ವರ್ಷದ ಡಬ್ಬಿ ಇದು.
ಮೇ ತಿಂಗಳಲ್ಲಿ ಅದರ ಪಕ್ಕೆಯ ತಗಡು ಬಿಚ್ಚಿ
ಟೇಬಲ್ ಫ್ಯಾನಿನ ಮುಖ ಅದರ ಕಡೆಗೇ ತಿರುಗಿಸಿ
ನಾನು ಸೆರಗಿನಿಂದ ಗಾಳಿ ಹಾಕಿಕೊಂಡಿದ್ದೇನೆ.
ಇಷ್ಟು ಸೇವೆ ನನಗೂ ಮಾಡಿಲ್ಲ ಅಂತ
ಗಂಡ ಅಂದದ್ದುಂಟು.

ಈಗ ಅದು ಬೆಳಿಗ್ಗೆದ್ದು ಅದೇ ಮಾತು ಹೇಳುತ್ತದೆ:
ನನಗೆ ಇನ್ನು ಕಾವಲಿಲ್ಲ,
ಮಾಡಿದವರೇ ಕೈಬಿಟ್ಟಿದ್ದಾರೆ.

ತೀನ್ ಕಂದೀಲಿನ ಖಾಜಾ ಹೊಸತು ತೋರಿಸಿದ.
ಮೂವತ್ತೆಂಟು ಸಾವಿರ. ಹಳೇದಕ್ಕೆ ಎಂಟುನೂರು,
"ಅದೂ ನಿಮ್ಮ ಮುಖ ನೋಡಿ, ಅಕ್ಕಾ."
ನನ್ನ ಮುಖದ ಬೆಲೆ ಅವತ್ತು ತಿಳಿಯಿತು.

ಹಿಂದಿನ ಮನೆಯ ತಯ್ಯಬಾ, ಪಾಲಿಟೆಕ್ನಿಕ್ಕಿನ ಹುಡುಗಿ,
"ಡಬ್ಬಿ ಇದೇ ಇರಲಿ, ಒಳಗಿನ ಜೀವ ಬದಲಿಸಣು.
ಲಿನಕ್ಸ್ ಅಂತ ಅದ. ರೊಕ್ಕ ಕೊಡೋದಿಲ್ಲ, ಏನಿಲ್ಲ" ಅಂದಳು.
ರೊಕ್ಕ ಇಲ್ಲ ಅಂದಾಗಲೇ ನನಗೆ ಅನುಮಾನ.
ಪುಕ್ಕಟೆ ಅಂದವರ ಮೇಲೆ ಎಷ್ಟು ದೂರು ಬರೆದಿಲ್ಲ ನಾನು!

ಪೆನ್ ಡ್ರೈವಿನಿಂದ ಅದನ್ನು ಎಬ್ಬಿಸಿ ತೋರಿಸಿದಳು.
ಚೆಂದ ಇತ್ತು. ಏದುಸಿರು ಬಿಡುತ್ತಿದ್ದ ಒಳಗಿನ ಫ್ಯಾನು
ಸುಮ್ಮನಾಯಿತು.
ಹಳೇ ಕಡತ ಒಂದು ತೆಗಿಯವ್ವಾ ಅಂದೆ.
ತೆಗೆದಳು.
'ಮಾನ್ಯರೆ' ಇರಬೇಕಾದ ಕಡೆ
ತಲೆಯ ಮೇಲೆ ಕಡ್ಡಿ ಇಟ್ಟುಕೊಂಡ ಇಂಗ್ಲಿಷಿನ ಎ-ಗಳು,
ನಡುನಡುವೆ ಪೌಂಡಿನ ಗುರುತು.
ದೇವಸುಗೂರಿನ ಹುಲಿಗೆಮ್ಮನ ವಿಧವಾ ವೇತನ,
ಯರಮರಸಿನವರ ಹೊಲದ ಖಾತೆ,
ಕಣ್ಣಿಲ್ಲದ ತಿಮ್ಮಪ್ಪನ ಬಸ್ ಪಾಸು,
ಎಲ್ಲಾ ಒಂದೇ ಗೊಣಗಾಟ.
ಹದಿಮೂರು ವರ್ಷ ಕನ್ನಡ ಬರೆದೆ ಅಂದುಕೊಂಡಿದ್ದೆ.
ಯಂತ್ರ ಒಳಗೊಳಗೇ ಬರೆದುಕೊಂಡದ್ದು ಇದನ್ನ.
ಮೇಲೆ ಫಾಂಟಿನದೊಂದು ಸೀರೆ ಸುತ್ತಿತ್ತು, ಅಷ್ಟೇ.

"ಯೂನಿಕೋಡಿಗೆ ತಿರುವಬಹುದು, ಆಂಟಿ.
ಅಲ್ಲೊಂದು ಇಲ್ಲೊಂದು ಒತ್ತಕ್ಷರ ಬಿದ್ದು ಹೋಗ್ತಾವ."
ಮಾನ್ಯರೆ, ತಾವು ಬಲ್ಲಿರಿ,
ಒಂದು ಒತ್ತು ಬಿದ್ದರೆ ತಹಶೀಲ್ದಾರರ ಕಚೇರಿಯಲ್ಲಿ
ಹುಲಿಗೆಮ್ಮ ಹುಲಿಗೆಮ ಆಗುತ್ತಾಳೆ,
ಹುಲಿಗೆಮನಿಗೆ ಗಂಡ ಸತ್ತ ದಾಖಲೆ ಇರುವುದಿಲ್ಲ.

ರಾತ್ರಿ ಮಾಳಿಗೆಯ ಮೇಲೆ ಮಲಗಿ ಯೋಚಿಸಿದೆ.
ಹಾಲಿನವನ ಹತ್ತಿರ ತೆಲುಗು,
ಖಾಜಾನ ಅಂಗಡಿಯಲ್ಲಿ ಉರ್ದು,
ಮನೆಗೆ ಬಂದು ಗಂಡನ ಕೂಡ ಜಗಳ ಕನ್ನಡದಾಗ.
ಹೊಸ್ತಿಲು ದಾಟುವಷ್ಟರಲ್ಲಿ ನಾಲಗೆ ಬದಲಾಗಿರುತ್ತದೆ,
ಯಾವ ಕಡತವೂ ಕಳೆದಿರುವುದಿಲ್ಲ.
ನಾಲಗೆಗಿರುವ ಧೈರ್ಯ ಬೆರಳಿಗೆ ಯಾಕಿಲ್ಲ?
ಬೆರಳಿಗೆ ಒಂದೇ ಓಣಿ ಗೊತ್ತು:
ದೊಡ್ಡ ಎಲ್ ಒತ್ತಿದರೆ ಳ, ಎಫ್ ಒತ್ತಿದರೆ ಒತ್ತು.
ಕತ್ತಲಲ್ಲೂ ಮನೆ ಮುಟ್ಟುತ್ತದೆ.

ಕಡೆಗೆ ತಯ್ಯಬಾ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಳು,
ಒಂದೇ ಅಡುಗೆಮನೆಯಲ್ಲಿ ಅತ್ತೆ ಸೊಸೆ
ಬೇರೆ ಬೇರೆ ಒಲೆ ಹೂಡಿದ ಹಾಗೆ.
ಈಗ ಸ್ವಿಚ್ ಹಾಕಿದರೆ ಕಪ್ಪು ಪರದೆ, ಎರಡು ಹೆಸರು,
ಕೆಳಗೆ ಹತ್ತರಿಂದ ಇಳಿಯುವ ಅಂಕಿ.
ನಾನು ಆರಿಸದಿದ್ದರೆ ಅದೇ ಆರಿಸಿಕೊಳ್ಳುತ್ತದೆ.

ಇವತ್ತು ಗಟ್ಟಿ ಮನಸ್ಸು ಮಾಡಿ
ಬಾಣದ ಕೀಲಿಯ ಮೇಲೆ ಬೆರಳಿಟ್ಟೆ.
ಏಳು. ಆರು.
ಕರೆಂಟು ಹೋಯಿತು.
ಅತ್ತ ಶಕ್ತಿನಗರ ರಾಜ್ಯಕ್ಕೆಲ್ಲ ಕರೆಂಟು ಬೇಯಿಸುತ್ತಿದೆ,
ಇತ್ತ ಜೆಸ್ಕಾಂನವರು ಫೋನ್ ಎತ್ತುತ್ತಿಲ್ಲ,
ಯುಪಿಎಸ್ ಸತ್ತು ವರ್ಷವಾಯಿತು.

ಆದ ಕಾರಣ, ಮಾನ್ಯರೆ,
ಈ ಅರ್ಜಿಯನ್ನು ಕೈಬರಹದಲ್ಲೇ ಸಲ್ಲಿಸುತ್ತಿದ್ದೇನೆ.
ಒತ್ತಕ್ಷರ ಎಲ್ಲಾ ಇವೆ.
ಎಣಿಸಿ ನೋಡಿರಿ.