ಮರಗಳೆಲ್ಲ ಹೆಣ್ಣು

ಚಿಂತಾಮಣಿ, ಮಾರುಕಟ್ಟೆಯ ಹಿಂದಿನ ಓಣಿ.
ಕೆಳಗೆ ಖಲಂದರ್ ಸಾಬರ ಹುಣಸೆ ಮಂಡಿ.
ಮೇಲೆ ತಗಡಿನ ಕೋಣೆಯಲ್ಲಿ ನಾನು,
ಒಂದು ಫ್ಯಾನು, ಒಂದು ಲ್ಯಾಪ್‌ಟಾಪು,
ಸತ್ತಿದೆಯೆಂದು ಎಲ್ಲರೂ ಹೇಳುವ ಒಂದು ಭಾಷೆ.

ಮಾರ್ಚಿ ತಿಂಗಳು. ಹನ್ನೊಂದು ಹೆಂಗಸರು
ಕಲ್ಲಿನ ಮೇಲೆ ಹಣ್ಣಿಟ್ಟು ಕುಟ್ಟುತ್ತಾರೆ:
ಸಿಪ್ಪೆ ಬೇರೆ, ನಾರು ಬೇರೆ, ಬೀಜ ಬೇರೆ.
ಅವರಿಗೆ ಕೇಜಿ ಲೆಕ್ಕದ ಕೂಲಿ,
ನನಗೆ ಪದಕ್ಕೆ ಎಪ್ಪತ್ತು ಪೈಸೆ.
ಬಂದ ಪದದ ಬಾಲ ಬಿಡಿಸಬೇಕು,
ವಿಭಕ್ತಿ ಯಾವುದು, ವಚನ ಯಾವುದು,
ಹೆಣ್ಣೋ ಗಂಡೋ, ಮೂಲ ಯಾವ ಮನೆಯದು
ಎಂದು ನಿಘಂಟಿನ ಖಾನೆ ತುಂಬಬೇಕು.
ಅಷ್ಟನ್ನು ಓದಿಕೊಂಡ ಯಂತ್ರ
ಮುಂದಿನ ಸಾವಿರವನ್ನು ತಾನೇ ಊಹಿಸುತ್ತದೆ,
ಅದರಲ್ಲಿ ಎಂಬತ್ತು ತಪ್ಪು.
ಆ ಎಂಬತ್ತೇ ನನ್ನ ಊಟ.

ಲ್ಯಾಟಿನ್ ಎಲ್ಲಿ ಕಲಿತೆ ಅಂತ ಕೇಳುತ್ತಾರೆ.
ಸೆಮಿನರಿಯಲ್ಲಿ, ನಾಲ್ಕು ವರ್ಷ. ಪಾದ್ರಿಯಾಗದೆ ಬಂದೆ.
ಯಾಕೆ ಅನ್ನುವುದು ಬೇರೆ ಪದ್ಯ.
ಹೆಸರು ಇನ್ನಾಸಪ್ಪ, ತಾತನದು.
ಅಲ್ಲಿ ಇಗ್ನಾತಿಯುಸ್ ಆಗಿದ್ದವನು
ಕಡಲು ದಾಟಿ, ಘಟ್ಟ ಹತ್ತಿ,
ನಮ್ಮೂರ ರಾಗಿಹೊಲಕ್ಕೆ ಬರುವಷ್ಟರಲ್ಲಿ
ಬಾಲದ ಉಸ್ ಉದುರಿಹೋಗಿ
ಬದಲಿಗೊಬ್ಬ ಅಪ್ಪ ಸಿಕ್ಕಿದ.

ಬೆಳಿಗ್ಗೆಯ ಗೋಣಿಯಲ್ಲಿ ಬಂದದ್ದು ಮಲುಮ್.
ಹ್ರಸ್ವವಾದರೆ ಕೇಡು. ದೀರ್ಘವಾದರೆ ಸೇಬು.
ಹಳೆಯ ಪ್ರತಿಗಳಲ್ಲಿ ದೀರ್ಘದ ಗೆರೆ ಎಳೆದವರಿಲ್ಲ,
ನಮ್ಮ ಕಾಗುಣಿತ ಇದ್ದಿದ್ದರೆ ಇಷ್ಟು ಗೋಳಿರುತ್ತಿರಲಿಲ್ಲ ಅವರಿಗೆ.
ಯಂತ್ರ ತೋಟದ ತುಂಬ ಕೇಡು ಬೆಳೆದು
ಬುಟ್ಟಿಗೆ ಕೇಡು ತುಂಬಿ
ಮಕ್ಕಳ ಕೈಗೆ ಒಂದೊಂದು ಕೊಟ್ಟಿತ್ತು.

ಟೀಗೆ ಇಳಿದಾಗ ಮುನಿವೆಂಕಟಮ್ಮನಿಗೆ ಹೇಳಿದೆ.
ಕೈ ನಿಲ್ಲಿಸಲಿಲ್ಲ ಅವಳು.
"ಅದ್ರಲ್ಲೇನೈತೆ ಸಾಮಿ, ನಮ್ದೂ ಅದೇ.
ತೆಲುಗಲ್ಲಿ ಚಿಂತ ಅಂದ್ರೆ ಹುಣಿಸೆ,
ಕನ್ನಡದಲ್ಲಿ ಚಿಂತೆ ಅಂದ್ರೆ ಚಿಂತೆ.
ದಿನಾ ಹನ್ನೆರಡು ಕೇಜಿ ಬಿಡಿಸ್ತೀನಿ,
ಯಾವುದಮ್ಮಾ ಅಂತ ಒಬ್ರೂ ಕೇಳಿಲ್ಲ."
ಹನ್ನೊಂದೂ ಜನ ನಕ್ಕರು.
ಮೇಲೆ ಹೋಗಿ ಬರೆದೆ:
ಮಲುಮ್ ಒಂದು, ಮಲುಮ್ ಎರಡು.

ಸಂಜೆಗೆ ಬಂತು ನೋಡಿ, ತಮರಿಂದುಸ್ ಇಂದಿಕಾ.
ಬೆಳಗಿಂದ ಮೂಗಿನಲ್ಲಿದ್ದ ಹುಳಿ ಈಗ ಪರದೆಯ ಮೇಲೂ.
ಅರಬ್ಬರು ಹಿಂದ್ ದೇಶದ ಖರ್ಜೂರ ಅಂದರಂತೆ,
ಕೇಳಿಸಿಕೊಂಡವರು ಕೊನೆಗೊಂದು ಉಸ್ ಹೊಲಿದರು.
ಯಂತ್ರ ಧೈರ್ಯವಾಗಿ ಬರೆದಿತ್ತು: ಪುಲ್ಲಿಂಗ.
ಉಸ್ ಅಂದರೆ ಗಂಡು, ಅಷ್ಟೇ ಅದಕ್ಕೆ ಗೊತ್ತು,
ಕಲಿಸಿದವನೂ ನಾನೇ.
ಆದರೆ ಪಕ್ಕದಲ್ಲಿ ನಿಂತ ವಿಶೇಷಣ
ಇಂದಿಕುಸ್ ಅಲ್ಲ, ಇಂದಿಕಾ,
ಸದ್ದಿಲ್ಲದೆ ಸಾಕ್ಷಿ ಹೇಳುತ್ತಿದೆ.
ಗಂಡಸಿನ ಅಂಗಿ ತೊಟ್ಟರೂ
ಆ ಭಾಷೆಯಲ್ಲಿ ಮರಗಳು ಹೆಣ್ಣು:
ಪೀನುಸ್, ಫಾಗುಸ್, ಉಲ್ಮುಸ್, ಕ್ವೆರ್ಕುಸ್,
ಸಾಲಾಗಿ ನಿಂತ ಅಕ್ಕತಂಗಿಯರು.

ಕನ್ನಡದಲ್ಲಿ ಮರ ಬರೀ ಅದು.
ಅದು ಬೆಳೆಯಿತು, ಅದು ಕಾಯಿ ಬಿಟ್ಟಿತು, ಅದನ್ನು ಕಡಿದರು.
ಕೂಲಿ ಪುಸ್ತಕದಲ್ಲಿ ಕೆಳಗಿನವರಿಗೂ ಹೆಸರಿಲ್ಲ,
ಹೆಣ್ಣಾಳು ೧೧ ಎಂದಷ್ಟೇ ಇದೆ,
ನಾನು ನೋಡಿದ್ದೇನೆ.

ಪುಲ್ಲಿಂಗ ಅಳಿಸಿ ಸ್ತ್ರೀಲಿಂಗ ಒತ್ತಿದೆ. ಎಪ್ಪತ್ತು ಪೈಸೆ.
ಕಾರಣಕ್ಕೆ ಇಟ್ಟ ಜಾಗ ಚಿಕ್ಕದು.
ಬರೆದೆ: ಮರ. ಜೊತೆಯವಳನ್ನು ಕೇಳಿ.

ಕೆಳಗೆ ತಕ್ಕಡಿ ಕಿರುಗುಟ್ಟುತ್ತಿದೆ.
ಸಾಬರು ಬೀಜದ ಚೀಲ ಬೇರೆಯೇ ತೂಗುತ್ತಾರೆ,
ಅದಕ್ಕೂ ಗಿರಾಕಿ ಉಂಟು, ಸಿಪ್ಪೆ ಒಲೆಗೆ.
ನಾನು ಬಿಡಿಸಿದ ಬಾಲಗಳನ್ನು
ಕೊಳ್ಳುವವರು ಯಾರೂ ಇಲ್ಲ,
ಎಲ್ಲಿ ಹೋಗಿ ಬೀಳುತ್ತವೋ ತಿಳಿಯದು ಎಂದುಕೊಳ್ಳುವಾಗ
ಮುನಿವೆಂಕಟಮ್ಮ ಸೊಂಟ ಹಿಡಿದು ಎದ್ದು,
ಸೆರಗಿನ ನಾರು ಕೊಡವಿ,
ಉಸ್ಸಪ್ಪಾ, ಅಂದಳು.

ನನ್ನನ್ನೇ ಕರೆದಳೆಂದು
ಕಿಟಕಿಯಿಂದ ಓಗೊಟ್ಟೆ.